ಲೈನ್ ನೋಡದೆ ಎಕ್ಸ್‌ಚೇಂಜನ್ನು ಬೈಯಬೇಡಿ

"ಹೇಳಿದ್ನಲ್ಲ ಅತ್ತೆ, ಹತ್ತು ಗಂಟೆಗೆ ಪ್ಲಂಬರ್ ಬರ್ತಾನೆ, ಸಂಪಿನ ಬೀಗದ ಕೈ ತೆಗೆದಿಟ್ಟಿರಿ ಅಂತ."

"ಎಲ್ಲಿ ಹೇಳ್ದೆ? ಹೇಳೇ ಇಲ್ಲ ಕಣಮ್ಮ."

ಆಗಿದ್ದಿಷ್ಟೆ. ಪ್ಲಂಬರ್ ಬಂದು, ಕಾದು, ಗೊಣಗಿಕೊಂಡು ಹೋದ. ಸೊಸೆ ಮರುಮಾತಾಡಲಿಲ್ಲ. ರಾತ್ರಿ ಹಾಲಿನಲ್ಲಿ ಮಗನ ಹತ್ತಿರ ಏನೋ ಪಿಸುಗುಟ್ಟಿದಳು. ಅದು ನನಗೆ ಕೇಳಿಸಲಿಲ್ಲ, ಇಬ್ಬರ ಮುಖ ನೋಡಿಯೇ ಗೊತ್ತಾಯಿತು: ಅಮ್ಮನಿಗೆ ಮರೆವು ಶುರುವಾಗಿದೆ.

ನನಗೆ ಆಗ ಎಪ್ಪತ್ತು. 1974ರಲ್ಲಿ ಟೆಲಿಫೋನ್ ಇಲಾಖೆ ಸೇರಿ 2012ರಲ್ಲಿ ನಿವೃತ್ತಿಯಾದವಳು. ಮೊದಲ ಹದಿನೈದು ವರ್ಷ ಪರಊರಿನ ಕರೆಗಳನ್ನು ಜೋಡಿಸಿಕೊಡುವ ಮೈಸೂರಿನ ಟ್ರಂಕ್ ಬೋರ್ಡಿನ ಮುಂದೆ, ಆಮೇಲೆ ಬಹುಕಾಲ 197ರ ವಿಚಾರಣೆಯಲ್ಲಿ ಕೂತೆ. ಊರಿನ ನಂಬರುಗಳೆಲ್ಲ ಐದೇ ಅಂಕಿಯವಾಗಿದ್ದ ಕಾಲ ಅದು. ಡಾಕ್ಟರುಗಳದ್ದು, ಲಾಡ್ಜುಗಳದ್ದು, ಜವಳಿ ಅಂಗಡಿಗಳದ್ದು, ಕಲ್ಯಾಣ ಮಂಟಪಗಳದ್ದು ಅಂತ ಮುನ್ನೂರಕ್ಕೂ ಹೆಚ್ಚು ನಂಬರನ್ನು ಡೈರೆಕ್ಟರಿ ಮುಟ್ಟದೆ ಹೇಳುತ್ತಿದ್ದೆ. ಅಂಥವಳಿಗೆ ಮರೆವು ಅಂದರೆ ಎಷ್ಟು ಅವಮಾನ ಅಂತ ಬೇರೆ ಹೇಳಬೇಕಾಗಿಲ್ಲ. ಮೂರು ರಾತ್ರಿ ನಿದ್ದೆ ಬರಲಿಲ್ಲ.

ನಾಲ್ಕನೇ ದಿನ ಹಳೆಯ ಕಸುಬು ನೆನಪಿಗೆ ಬಂತು. ಆಗ ಜನ ಫೋನ್ ಸತ್ತರೆ ಸಾಕು, "ನಿಮ್ಮ ಎಕ್ಸ್‌ಚೇಂಜೇ ಕೆಟ್ಟುಹೋಗಿದೆ" ಅಂತ ರೇಗುತ್ತಿದ್ದರು. ಲೈನ್‌ಮನ್ ಹೋಗಿ ನೋಡಿದರೆ ಹತ್ತರಲ್ಲಿ ಎಂಟು ಸಲ ಎಕ್ಸ್‌ಚೇಂಜ್ ನೆಟ್ಟಗೇ ಇರುತ್ತಿತ್ತು. ಅಳಿಲು ವೈರ್ ಕಡಿದಿರುತ್ತಿತ್ತು, ಮಳೆನೀರು ಜಾಯಿಂಟಿಗೆ ಇಳಿದಿರುತ್ತಿತ್ತು, ಇಲ್ಲವಾದರೆ ಮನೆಯವರೇ ರಿಸೀವರನ್ನು ಸರಿಯಾಗಿ ಇಟ್ಟಿರುತ್ತಿರಲಿಲ್ಲ. ಸೊಸೆ ಆವತ್ತು ಮಾತಾಡಿದ್ದು ಅಡುಗೆಮನೆಯಿಂದ. ಮಿಕ್ಸಿ ತಿರುಗುತ್ತಿತ್ತು. ನಾನು ಹೊರಗೆ ಹೂ ಕಟ್ಟುತ್ತಾ "ಹೂಂ" ಅಂದಿದ್ದೆ. ನನ್ನವರೆಗೆ ಬರದೇ ಇದ್ದ ಕರೆಯನ್ನು ನಾನು ಮರೆಯುವುದಾದರೂ ಹೇಗೆ?

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಂದುವ ಕಾಯಿಲೆ ಇರುವವರು 7.4% ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ ಅಂದಾಜು ಮಾಡಿದೆ. ಅಂದರೆ ಸುಮಾರು 88 ಲಕ್ಷ ಜನ. ಕಡಿಮೆಯೇನಲ್ಲ. ಆದರೂ ನೂರರಲ್ಲಿ ತೊಂಬತ್ತೆರಡು ಜನಕ್ಕೆ ಅರಳೂ ಇಲ್ಲ, ಮರಳೂ ಇಲ್ಲ. ಕೆಳಗೆ ಬರೆದಿರುವುದು ನಾನು ಪರೀಕ್ಷೆ ಮಾಡಿಸಿಕೊಂಡ, ಮಾಡಿಕೊಂಡು ಬಂದಿರುವ ಕ್ರಮ. ನಾನು ಡಾಕ್ಟರಲ್ಲ. ಲೈನ್ ಟೆಸ್ಟ್ ಮಾಡುವ ಅಭ್ಯಾಸ ಮಾತ್ರ ಚೆನ್ನಾಗಿದೆ.

ಮೊದಲು ಕಿವಿ

ವಯಸ್ಸಿನ ಕಿವುಡು ಸದ್ದನ್ನೆಲ್ಲ ಒಟ್ಟಿಗೆ ಕಸಿದುಕೊಳ್ಳುವುದಿಲ್ಲ, ಅದಕ್ಕೇ ಅದು ಬಂದದ್ದು ಗೊತ್ತಾಗುವುದಿಲ್ಲ. ಮೊದಲು ಹೋಗುವುದು ಏರು ಸ್ಥಾಯಿಯ ತೆಳು ಸದ್ದುಗಳು. ಮಾತಿನಲ್ಲಿ ಸ, ಶ, ತ, ಕ, ಫ ಇಂಥವು ಆ ಜಾತಿಗೆ ಸೇರಿದವು. ಆ, ಊ, ಓ ಇಂಥ ಸ್ವರಗಳು ದಪ್ಪ ಸದ್ದಿನವು, ಅವು ಉಳಿದುಕೊಳ್ಳುತ್ತವೆ. ಹಾಗಾಗಿ ಸಾರು, ಕಾರು, ಆರು ಮೂರೂ ಒಂದೇ ಥರ ಕೇಳಿಸುತ್ತವೆ. "ಕೇಳಿಸುತ್ತೆ, ಆದರೆ ಏನಂದ್ರು ಅಂತ ಗೊತ್ತಾಗಲ್ಲ" ಅಂತ ಹಿರಿಯರು ಹೇಳುವುದು ಇದನ್ನೇ. ಬಿಟ್ಟುಹೋದ ಅಕ್ಷರಗಳನ್ನು ತುಂಬಿಕೊಳ್ಳುವುದರಲ್ಲೇ ಮೆದುಳು ಬೆವರಿದರೆ, ಕೇಳಿದ್ದನ್ನು ಎತ್ತಿಡಲು ಅದಕ್ಕೆ ಬಿಡುವೆಲ್ಲಿ?

ಮನೆಯಲ್ಲೇ ಗುರುತು ಹಿಡಿಯಬಹುದು. ಟಿವಿ ಸದ್ದು ನಿಮಗೆ ಸರಿ, ಉಳಿದವರಿಗೆ ಗಲಾಟೆ. ಗಂಡಸರ ಮಾತು ತಿಳಿಯುತ್ತದೆ, ಹೆಂಗಸರದ್ದು, ಮಕ್ಕಳದ್ದು ತಿಳಿಯುವುದಿಲ್ಲ. ಎದುರಿಗೆ ಕೂತವರ ಮಾತು ಸಲೀಸು, ಬೆನ್ನ ಹಿಂದಿನದ್ದು ಇಲ್ಲ. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತೀರಿ. ಮದುವೆಮನೆಯಲ್ಲಿ ಸುಮ್ಮನೆ ನಗುತ್ತಾ ತಲೆಯಾಡಿಸುತ್ತೀರಿ. ನನಗೆ ಐದೂ ಇದ್ದವು, ಐದಕ್ಕೂ ಬೇರೆಯವರನ್ನೇ ಬೈಯುತ್ತಿದ್ದೆ. ಈಗಿನ ಮಕ್ಕಳು ನುಂಗಿ ಮಾತಾಡ್ತಾರೆ ಅಂತ.

ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ ಗುಗ್ಗೆ ಕಟ್ಟಿದೆಯಾ ನೋಡಿಸಿ. ಎಷ್ಟೋ ಜನಕ್ಕೆ ಅಷ್ಟರಲ್ಲೇ ಮುಗಿಯುತ್ತದೆ. ಹೇರ್‌ಪಿನ್ನು, ಬೆಂಕಿಕಡ್ಡಿ, ಕಾಯಿಸಿದ ಎಣ್ಣೆ ಮಾತ್ರ ಬೇಡವೇ ಬೇಡ. ಆಮೇಲೆ ಶ್ರವಣ ಪರೀಕ್ಷೆ. ಈ ವಿಷಯದಲ್ಲಿ ಮೈಸೂರು, ಮಂಡ್ಯದವರು ಪುಣ್ಯವಂತರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ದೇಶದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮ್ಮ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಹತ್ತು ನಿಮಿಷ, ಆದರೂ ಹೋಗುವುದಕ್ಕೆ ನಾಲ್ಕು ವರ್ಷ ತಡಮಾಡಿದೆ. ಬೆಳಿಗ್ಗೆ ಬೇಗ ಹೋಗಿ, ಅರ್ಧ ದಿನ ಹಿಡಿಯುತ್ತದೆ ಅಂತಲೇ ಹೊರಡಿ, ಊಟದ ಡಬ್ಬಿ ಜೊತೆಗಿರಲಿ.

ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಹೆಡ್‌ಸೆಟ್ ತಲೆಗೇರಿದ್ದು ಎಷ್ಟೋ ವರ್ಷದ ಮೇಲೆ. ಬೆರಳುಗಳು ತಾವಾಗಿಯೇ ಬೋರ್ಡಿಗೆ ಚುಚ್ಚುವ ವೈರು, ನಮ್ಮ ಭಾಷೆಯ ಕಾರ್ಡ್, ಹುಡುಕಿದವು. 'ಪೀ' ಅನ್ನುವ ಸಣ್ಣ ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಆಮೇಲೆ ಕೊಟ್ಟ ಗ್ರಾಫಿನಲ್ಲಿ ಗೆರೆ ಎಡದಿಂದ ನೆಟ್ಟಗೆ ಬಂದು ಬಲಕ್ಕೆ ಬರುತ್ತಾ ಚಾಮುಂಡಿಬೆಟ್ಟದ ಮೆಟ್ಟಿಲಿನ ಹಾಗೆ ಇಳಿದಿತ್ತು. ಆ ಇಳಿಜಾರಿನಲ್ಲೇ ನನ್ನ ಸೊಸೆಯ ಮಾತುಗಳೆಲ್ಲ ಜಾರಿಹೋಗಿದ್ದು.

ಇದು ಬರೀ ಸೌಕರ್ಯದ ಮಾತಲ್ಲ. ಡಿಮೆನ್ಷಿಯಾ ತಡೆಯುವ ಬಗ್ಗೆ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಎಲ್ಲವನ್ನೂ ನಿಭಾಯಿಸಿದರೆ ಜಗತ್ತಿನ ಸುಮಾರು 45% ಪ್ರಕರಣಗಳನ್ನು ತಡೆಯಬಹುದು, ಇಲ್ಲವೇ ಮುಂದೂಡಬಹುದು ಎಂಬುದು ಅವರ ಲೆಕ್ಕ. ಅದರಲ್ಲಿ ಕಿವುಡುತನ ಮತ್ತು ಕೆಟ್ಟ ಕೊಲೆಸ್ಟರಾಲ್, ಎರಡರದ್ದೂ ತಲಾ 7% ಪಾಲು. ಮತ್ತೊಂದು ಕಡೆಯನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ನೋಡಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಟ್ಟು ಗುಂಪನ್ನು ತೆಗೆದುಕೊಂಡರೆ ಶ್ರವಣ ಸಾಧನದಿಂದ ಬುದ್ಧಿಶಕ್ತಿಗೆ ಲಾಭ ಕಾಣಲಿಲ್ಲ. ಅಪಾಯ ಹೆಚ್ಚಿದ್ದ ಹಿರಿಯರಲ್ಲಿ ಮಾತ್ರ ಕುಸಿತ 48% ನಿಧಾನವಾಯಿತು. ಹಾಗಾಗಿ ಇದು ಮಂತ್ರದಂಡ ಅಂತ ನಾನು ಹೇಳುವುದಿಲ್ಲ. ಪ್ಲಂಬರ್ ವಿಷಯ ಮಾತ್ರ ಈಗ ಗ್ಯಾರಂಟಿ ತಿಳಿಯುತ್ತದೆ.

ಶ್ರವಣ ಸಾಧನ ತಂದು ಪೆಟ್ಟಿಗೆಯಲ್ಲಿಟ್ಟವರೇ ಹೆಚ್ಚು. ಕಾರಣ ಮೊದಲ ವಾರ. ಪಾತ್ರೆ ಸಿಂಕಿಗೆ ಬಿದ್ದರೆ ಸಿಡಿಲು, ಪ್ಲಾಸ್ಟಿಕ್ ಕವರ್ ಸುಕ್ಕಾದರೆ ಕಾಡಿಗೆ ಬೆಂಕಿ ಬಿದ್ದ ಹಾಗೆ, ಕುಕ್ಕರ್ ಕೂಗಿದರೆ ಎದೆ ಧಸಕ್. ಮೆದುಳು ಎಷ್ಟೋ ವರ್ಷದಿಂದ ಕೇಳದ ಸದ್ದುಗಳವು, ಯಾವುದು ಬೇಕು ಯಾವುದು ಬೇಡ ಅಂತ ಮತ್ತೆ ಕಲಿಯಬೇಕು. ಮೊದಲ ದಿನಗಳಲ್ಲಿ ಮನೆಯ ನಿಶ್ಶಬ್ದ ಕೋಣೆಯಲ್ಲಿ ಒಂದೆರಡು ಗಂಟೆ ಹಾಕಿ, ಒಬ್ಬರ ಜೊತೆ ಮಾತಾಡಿ, ನಿಧಾನವಾಗಿ ಹೊತ್ತು ಹೆಚ್ಚಿಸಿ. ಸಂತೆಗೆ, ಮದುವೆಗೆ ಹಾಕಿಕೊಂಡು ಹೋಗುವುದು ತಿಂಗಳಾದ ಮೇಲೆ. ಸರಿಯಿಲ್ಲ ಅನಿಸಿದರೆ ವಾಪಸ್ ಹೋಗಿ ಟ್ಯೂನ್ ಮಾಡಿಸಿ. ನಾನು ಮೂರು ಸಲ ಹೋದೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಸ್ನಾನಕ್ಕೆ ಮುಂಚೆ ತೆಗೆದಿಡಿ. ಸಣ್ಣ ಗುಂಡಿ ಬ್ಯಾಟರಿಯದ್ದಾದರೆ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ವರಮಾನ ಕಡಿಮೆಯಿದ್ದವರು ಇಂಥ ಸಾಧನಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಬಹುದು.

ಮನೆಯವರಿಗೂ ಒಂದು ಪಾಠ ಇದೆ. ಕಿರುಚಬೇಡಿ, ಕಿರುಚಿದರೆ ಅಕ್ಷರ ಇನ್ನೂ ಒಡೆಯುತ್ತದೆ. ಎದುರಿಗೆ ಬನ್ನಿ, ಮೊದಲು ಕರೆಯಿರಿ, ತಿರುಗಿ ನೋಡಿದ ಮೇಲೆ ವಿಷಯ ಹೇಳಿ. ಮಿಕ್ಸಿ ಆರಿಸಿ.

ಕಣ್ಣೂ ಲೈನೇ. ಪೊರೆ ಬಂದಿದ್ದರೆ ತೆಗೆಸಿಕೊಳ್ಳಿ. ಆ 14ರ ಪಟ್ಟಿಗೆ 2024ರಲ್ಲಿ ಹೊಸದಾಗಿ ಸೇರಿದ್ದು ಎರಡು: ಚಿಕಿತ್ಸೆ ಮಾಡಿಸದೆ ಬಿಟ್ಟ ದೃಷ್ಟಿದೋಷ, ಮತ್ತೆ ನಾನಾಗಲೇ ಹೇಳಿದ ಕೆಟ್ಟ ಕೊಲೆಸ್ಟರಾಲ್.

ಅಣ್ಣಯ್ಯನ ತಲೆ

ನನ್ನ ತವರು ಮಂಡ್ಯದ ಕಡೆ, ವಿ.ಸಿ. ನಾಲೆಯ ಬಯಲು. ಅಣ್ಣಯ್ಯನಿಗೆ ಎಪ್ಪತ್ತೆಂಟು. ಎರಡು ವರ್ಷದ ಹಿಂದೆ ಅವನ ಮಗ ಫೋನ್ ಮಾಡಿದ. "ಅಪ್ಪ ಯಾಕೋ ಒಂಥರಾ ಆಗವ್ರೆ ಅತ್ತೆ. ತೂಬು ಎತ್ತುಕ್ಕೆ ಅಂತ ಹೋದೋರು ಸುಮ್ನೆ ಬದಿನ್ ಮೇಲೆ ಕುಂತಿದ್ರು. ಹಗಲೆಲ್ಲ ನಿದ್ದೆ. ಊರ್ನೋರು ವಯಸ್ಸಾಯ್ತು ಬುಡಿ ಅಂತಾವ್ರೆ."

ಅಣ್ಣಯ್ಯ ಅಂದರೆ ಮೂವತ್ತು ವರ್ಷದ ಕಬ್ಬಿನ ತೂಕ, ಯಾವ ವರ್ಷ ಟನ್ನಿಗೆ ಎಷ್ಟು ರೇಟು, ಬಾಯಲ್ಲೇ ಹೇಳುವವನು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಟಾನಿಕ್ ಬರೆದು ಕಳಿಸಿದ್ದರು. ನಾನು ಕೇಳಿದ ಮೊದಲ ಪ್ರಶ್ನೆ: ಯಾವಾಗಿಂದ? ಹದಿನೈದು ದಿನದಿಂದ. ಎರಡನೆಯದು: ಅದಕ್ಕೆ ಮುಂಚೆ ಎಲ್ಲಾದರೂ ಬಿದ್ದನಾ, ತಲೆಗೆ ಪೆಟ್ಟು ಬಿತ್ತಾ? "ಬಿದ್ದಿಲ್ಲ ಅತ್ತೆ. ತಿಂಗ್ಳಾಯ್ತು, ಕೊಟ್ಟಿಗೆ ಬಾಗ್ಲು ಗಿಡ್ಡ ಅಲ್ವ, ನೆತ್ತಿ ತಗಲ್ತು. ರಕ್ತನೂ ಬರ್ನಿಲ್ಲ."

ಡಿಮೆನ್ಷಿಯಾ ಸಾಮಾನ್ಯವಾಗಿ ಹದಿನೈದು ದಿನದಲ್ಲಿ ಬರುವುದಿಲ್ಲ, ವರ್ಷಗಟ್ಟಲೆ ಹೊಂಚು ಹಾಕಿ ಬರುತ್ತದೆ. ದಿನ, ವಾರಗಳಲ್ಲಿ ಮನುಷ್ಯ ಬದಲಾದ ಅಂದರೆ ಬೇರೆ ಏನೋ ಆಗಿದೆ ಅಂತಲೇ ಹಿಡಿಯಬೇಕು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಮೆದುಳಿಗೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದು ಬಿಗಿದಂತಾಗಿರುತ್ತವೆ, ಸಣ್ಣ ಪೆಟ್ಟಿಗೂ ಹರಿದು ರಕ್ತ ಒಸರುತ್ತದೆ. ವಾರಗಟ್ಟಲೆ ಅದು ಅಲ್ಲೇ ಶೇಖರವಾಗಿ ಮೆದುಳನ್ನು ಒತ್ತುತ್ತದೆ. ಅಣ್ಣಯ್ಯ ಹೃದಯಕ್ಕೆಂದು ರಕ್ತ ತೆಳು ಮಾಡುವ ಮಾತ್ರೆ ಬೇರೆ ತಗೊಳ್ಳುತ್ತಿದ್ದ, ಅಂಥವರಲ್ಲಿ ಇದು ಇನ್ನೂ ಸುಲಭ. ಅವತ್ತೇ ಮೈಸೂರಿಗೆ ಕರೆಸಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ತಲೆಬುರುಡೆಗೆ ಸಣ್ಣ ತೂತು ಕೊರೆದು ಹಳೆಯ ರಕ್ತ ತೆಗೆದರು. ಮೂರನೆಯ ದಿನ ಕಣ್ಣು ಬಿಟ್ಟವನು ಕೇಳಿದ್ದು, "ನಾಲೆಗೆ ನೀರ್ ಬುಟ್ಟವ್ರಾ?"

ಈ ಕಥೆಯನ್ನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಯಾಕೆಂದರೆ ಮರೆವು ಅಂತ ಕಾಣುವ ಎಷ್ಟೋ ಸಂಗತಿ ವಾಸಿಯಾಗುವಂಥದ್ದು. ಡಾಕ್ಟರ ಹತ್ತಿರ ಹೋದಾಗ ಇವನ್ನು ಕೇಳಿ ಪರೀಕ್ಷೆ ಮಾಡಿಸಿ: ಬಿ12, ಥೈರಾಯ್ಡ್, ಸಕ್ಕರೆ, ರಕ್ತದ ಸೋಡಿಯಂ, ಹಿಮೋಗ್ಲೋಬಿನ್. ಬಿ12 ವಿಷಯ ಸಸ್ಯಾಹಾರಿಗಳು ಗಮನವಿಟ್ಟು ನೋಡಬೇಕು. ಅದು ಸೊಪ್ಪು ಕಾಳುಗಳಲ್ಲಿ ಇಲ್ಲ, ಹಾಲು ಮೊಸರಿನಲ್ಲಿ ಅಷ್ಟಿಷ್ಟು ಇದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಇನ್ನೂ ಇಳಿಯುತ್ತದೆ. ನನ್ನ ಜೊತೆ ರಾತ್ರಿ ಪಾಳಿ ಮಾಡಿದ ಗೆಳತಿಯೊಬ್ಬಳಿಗೆ ಎರಡೂ ಇದ್ದವು. ಕಾಲು ಜೋಮು, ನಡಿಗೆಯಲ್ಲಿ ತೂರಾಟ, ಮಾತಿನ ಮಧ್ಯೆ ಪದ ಸಿಗದೇ ನಿಲ್ಲುವುದು. ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಲ್ಲಿ ಬಹಳ ಮಟ್ಟಿಗೆ ಸುಧಾರಿಸಿದಳು.

ಇನ್ನೊಂದು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಸುರಿದುಕೊಂಡು ಡಾಕ್ಟರ ಮೇಜಿನ ಮೇಲೆ ಹರಡಿ. ನೆಗಡಿ ಮಾತ್ರೆ, ತುರಿಕೆ ಮಾತ್ರೆ, ನಿದ್ದೆ ಮಾತ್ರೆ, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲವನ್ನೂ. ನಿದ್ದೆ ಬರಿಸುವ ನೆಗಡಿ, ಅಲರ್ಜಿ ಮಾತ್ರೆಗಳು ಮುದುಕರ ತಲೆಯನ್ನು ಮಂಕು ಮಾಡುತ್ತವೆ. ನಾವಾಗಿಯೇ ಏನನ್ನೂ ನಿಲ್ಲಿಸಬಾರದು. ನಿದ್ದೆ ಮಾತ್ರೆಯನ್ನಂತೂ ಹಠಾತ್ತನೆ ಬಿಡಲೇಬಾರದು, ಡಾಕ್ಟರ್ ಇಳಿಸಿಕೊಂಡು ಬರುತ್ತಾರೆ.

ಮನಸ್ಸು ಕುಗ್ಗಿದಾಗಲೂ ನೆನಪು ಕೈಕೊಡುತ್ತದೆ. ಗಂಡ ಹೋದ ಮೇಲೆ, ಮಕ್ಕಳು ಊರು ಬಿಟ್ಟ ಮೇಲೆ ಯಾವುದೂ ಬೇಡ ಅನಿಸುವುದು ಕಾಯಿಲೆಯಾಗಿ ಬಲಿತರೆ ಅದಕ್ಕೂ ಚಿಕಿತ್ಸೆ ಇದೆ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567. ನಂಬರ್ ಕೊಡುವ ಚಟ ಇನ್ನೂ ಹೋಗಿಲ್ಲ ನೋಡಿ.

ಕರೆಂಟ್ ಸರಿಯಿರಬೇಕು

ನಮ್ಮ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ರೂಮ್ ಅಂತ ಒಂದಿತ್ತು, ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಅದು ಕೆಟ್ಟರೆ ಮಾತ್ರ ಊರೇ ಮೂಕ. ಮೆದುಳಿಗೆ ರಕ್ತದೊತ್ತಡವೇ ಬ್ಯಾಟರಿ ರೂಮ್. ಮೇಲಿನ ಅಂಕಿ ಮಧ್ಯವಯಸ್ಸಿನಿಂದಲೇ 130 ಅಥವಾ ಅದಕ್ಕಿಂತ ಕಡಿಮೆ ಇರಲಿ ಅಂತ ಆ ಲ್ಯಾನ್ಸೆಟ್ ಆಯೋಗ ಹೇಳುತ್ತದೆ. ನಮ್ಮಂಥ ವಯಸ್ಸಾದವರಿಗೆ ಎಷ್ಟು ಅನ್ನುವುದನ್ನು ಡಾಕ್ಟರೇ ಗೊತ್ತು ಮಾಡಬೇಕು, ತೀರಾ ಇಳಿದರೆ ಎದ್ದಾಗ ತಲೆ ಸುತ್ತಿ ಬೀಳುತ್ತೇವೆ. ಮನೆಯಲ್ಲಿ ಅಳೆಯುವಾಗ ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ. ಕುರ್ಚಿಗೆ ಒರಗಿ, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಪಟ್ಟಿ ಕಟ್ಟಿ. ಅಳೆಯುವಾಗ ಮಾತು ಬೇಡ. ನನಗೆ ಅದೇ ಕಷ್ಟ.

ನಡಿಗೆಗೆ ನನ್ನದು ಕುಕ್ಕರಹಳ್ಳಿ ಕೆರೆ ಏರಿ, ಬೆಳಿಗ್ಗೆ ಆರೂಕಾಲಕ್ಕೆ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಎಷ್ಟು ಜೋರು ಅಂದರೆ, ಪಕ್ಕದವರ ಜೊತೆ ಮಾತಾಡಲು ಆಗಬೇಕು, ದೇವರನಾಮ ಹಾಡಲು ಆಗಬಾರದು. ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಮೆದುಳಿನಲ್ಲಿ ಎಡಬಲಕ್ಕೆ, ಕಿವಿಯ ಮಟ್ಟದಲ್ಲಿ ಒಳಗಡೆ ಇದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ವಾರಕ್ಕೆ ಮೂರು ದಿನ 40 ನಿಮಿಷ ನಡೆಸಿದರು. ವರ್ಷದ ಕೊನೆಗೆ ಅವರ ಹಿಪ್ಪೊಕ್ಯಾಂಪಸ್ ಸುಮಾರು 2% ದೊಡ್ಡದಾಗಿತ್ತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತ್ತು. ನನ್ನ ಮಂಡಿಗೆ ಇದನ್ನು ಆಗಾಗ ಓದಿ ಹೇಳಬೇಕಾಗುತ್ತದೆ.

ನಡಿಗೆಯ ಜೊತೆಗೆ ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದನ್ನು ರೂಢಿಸಿಕೊಳ್ಳಿ. ಹಾಲು ಉಕ್ಕುವಷ್ಟು ಹೊತ್ತು ಬಲಗಾಲು, ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಎಡಗಾಲು. ಅಣ್ಣಯ್ಯನಿಗೆ ಬೀಳದೆಯೇ ಅಷ್ಟಾಯಿತು, ಬಿದ್ದು ತಲೆಗೆ ಪೆಟ್ಟಾದರೆ ನಮಗೂ ತಲೆ ತೂತು ಮಾಡಿಸಿಕೊಳ್ಳುವ ಪ್ರಮೇಯ ಬಂದೀತು. ಮಗನ ಸ್ಕೂಟರಿನ ಹಿಂದೆ ಕೂತಾಗಲೂ ಹೆಲ್ಮೆಟ್. ತುರುಬು ಕೆಟ್ಟರೆ ಕೆಡಲಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಗಿಮುದ್ದೆ, ಬಸ್ಸಾರು, ದಂಟಿನ ಸೊಪ್ಪು, ಹೆಸರುಕಾಳು, ಒಂದು ಹಿಡಿ ಕಡಲೆಕಾಯಿ, ಒಂದು ಹಣ್ಣು. ಕಡಿಮೆ ಮಾಡಬೇಕಾಗಿದ್ದು ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಸಾರು, ಉಪ್ಪಿನಕಾಯಿ, ಹಪ್ಪಳ ಮೂರನ್ನೂ ಒಂದೇ ಎಲೆಯಲ್ಲಿ ಬಡಿಸಿಕೊಳ್ಳುವ ನಮ್ಮ ಮಂಡ್ಯದವರಿಗೆ ಇದು ಕಹಿ ಸುದ್ದಿ. ಒಂದೆಲಗದ ತಂಬುಳಿ ವಾರಕ್ಕೊಮ್ಮೆ ಮಾಡುತ್ತೇನೆ, ರುಚಿಗೆ. ಅದರಿಂದ ನೆನಪು ಬರುತ್ತದೆ ಅಂತ ಬಾಟಲಿಗೆ ಸಾವಿರ ರೂಪಾಯಿ ಕೊಡುವವಳಲ್ಲ ನಾನು.

ರಾತ್ರಿ ಪಾಳಿಯಲ್ಲಿ ಅರ್ಧ ಆಯುಸ್ಸು ಕಳೆದವಳಿಗೆ ನಿದ್ದೆಯ ಬೆಲೆ ಗೊತ್ತು. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ರಾತ್ರಿ. ಏಳು ಗಂಟೆ ಮಲಗಿ, ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಮನೆಯವರು ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲಿಸಿ ಮತ್ತೆ ಗಕ್ಕನೆ ಎಳೆದುಕೊಂಡರೆ ನಗಬೇಡಿ, ಡಾಕ್ಟರಿಗೆ ತೋರಿಸಿ.

ಆಪರೇಟರುಗಳ ಯುಕ್ತಿ

ಇಷ್ಟು ಲೈನ್ ರಿಪೇರಿ. ಇನ್ನು ಬೋರ್ಡಿನ ಮುಂದೆ ಕೂತು ನಾವು ಕಲಿತ ವಿದ್ಯೆ.

ತಿರುಗಿ ಹೇಳುವುದು. ಯಾರೇ ನಂಬರ್ ಕೊಟ್ಟರೂ ಅದನ್ನು ಅವರಿಗೇ ವಾಪಸ್ ಹೇಳದೆ ನಾವು ಕಾರ್ಡ್ ಮುಟ್ಟುತ್ತಿರಲಿಲ್ಲ. ಈಗ ಸೊಸೆ ಏನಾದರೂ ಹೇಳಿದರೆ, "ಹತ್ತಕ್ಕೆ ಪ್ಲಂಬರ್, ಸಂಪಿನ ಬೀಗದ ಕೈ. ಅಷ್ಟೇ ತಾನೆ?" ಅನ್ನುತ್ತೇನೆ. ಕೇಳಿದ್ದು ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ, ಸರಿಯಿದ್ದರೆ ಬಾಯಿಂದ ಬಂದ ಮಾತು ಒಳಗೆ ಗಟ್ಟಿಯಾಗುತ್ತದೆ. ಅರ್ಥವಾಗದೆ "ಹೂಂ" ಅನ್ನುವುದನ್ನು ಇವತ್ತೇ ಬಿಡಿ. ಕಷ್ಟ. ನನಗೆ ಎಂಟು ತಿಂಗಳು ಹಿಡಿಯಿತು.

ತುಂಡು ಮಾಡುವುದು. ಹತ್ತಂಕಿಯ ಮೊಬೈಲ್ ನಂಬರನ್ನು ಹತ್ತಾಗಿ ಹಿಡಿದರೆ ಜಾರುತ್ತದೆ. ಮೂರು, ಮೂರು, ನಾಲ್ಕು ಮಾಡಿ, ಮಗ್ಗಿ ಹೇಳುವ ಹಾಗೆ ಲಯಕ್ಕೆ ಕೂರಿಸಿ. ಮನೆಯವರ ಐದು ನಂಬರಾದರೂ ಬಾಯಿಗೆ ಬರಲಿ. ಫೋನ್ ಕಳೆದುಹೋದ ದಿನ ಗೊತ್ತಾಗುತ್ತದೆ.

ಬಿಟ್ಟು ಬಿಟ್ಟು ಕೇಳಿಕೊಳ್ಳುವುದು. ಹೊಸ ನಂಬರನ್ನು ಒಂದೇ ಸಲ ಐವತ್ತು ಬಾರಿ ಜಪ ಮಾಡಿದರೆ ಪ್ರಯೋಜನ ಕಡಿಮೆ. ನಮ್ಮ ಸೂಪರ್‌ವೈಸರ್ ಒಬ್ಬರು ಬೆಳಿಗ್ಗೆ ಹೇಳಿಕೊಟ್ಟ ನಂಬರನ್ನು ಟೀ ಹೊತ್ತಿಗೆ, ಊಟದ ಹೊತ್ತಿಗೆ, ಮಾರನೆಯ ದಿನ ಬಂದು ದಿಢೀರ್ ಅಂತ ಕೇಳುತ್ತಿದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದು ಇದನ್ನೇ: ಕಲಿತದ್ದು ಮೊದಲ ಗಂಟೆಗಳಲ್ಲೇ ಬಹುಪಾಲು ಸೋರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ತೆಗೆದರೆ ನಿಲ್ಲುತ್ತದೆ. ಹೊಸಬರ ಹೆಸರಿಗೂ ಹೀಗೇ ಮಾಡಿ. ಕೇಳಿದ ಒಡನೆ ಒಮ್ಮೆ, ಹತ್ತು ನಿಮಿಷಕ್ಕೊಮ್ಮೆ, ಮಲಗುವಾಗೊಮ್ಮೆ. ಪುಸ್ತಕ ನೋಡಬೇಡಿ, ತಡಕಾಡಿ ತೆಗೆಯಿರಿ. ಆ ತಡಕಾಟವೇ ವ್ಯಾಯಾಮ.

ಮಾರ್ಕೆಟ್ಟಿಗೆ ನೇತುಹಾಕುವುದು. ಇದು ಮೊಮ್ಮಗಳಿಗೆ ಬಲು ಇಷ್ಟದ್ದು. ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರ್ಕೆಟ್ಟಿನೊಳಗೆ ನಾನು ಹೋಗುವ ದಾರಿ ಕಣ್ಣು ಮುಚ್ಚಿದರೂ ಗೊತ್ತು. ನಾಳೆಯ ಕೆಲಸಗಳನ್ನು ಆ ದಾರಿಯ ಅಂಗಡಿಗಳಲ್ಲಿ ಒಂದೊಂದಾಗಿ ಇಡುತ್ತೇನೆ. ಹೂವಿನವಳು ಮಲ್ಲಿಗೆ ಬದಲು ಕರೆಂಟ್ ಬಿಲ್ಲನ್ನು ಮೊಳದಲ್ಲಿ ಅಳೆಯುತ್ತಿದ್ದಾಳೆ. ರಸಬಾಳೆ ಗೊನೆಯಲ್ಲಿ ಹಣ್ಣಿನ ಬದಲು ಬಿ.ಪಿ. ಮಾತ್ರೆಯ ಸ್ಟ್ರಿಪ್ಪುಗಳು ನೇತಾಡುತ್ತಿವೆ. ಕುಂಕುಮದ ರಾಶಿಯ ಮೇಲೆ ತಂಗಿ ಕೂತು ಫೋನಿಗೆ ಕಾಯುತ್ತಿದ್ದಾಳೆ. ಚಿತ್ರ ಎಷ್ಟು ತರಲೆಯಾಗಿದ್ದರೆ ಅಷ್ಟು ಅಂಟುತ್ತದೆ. ಬೆಳಿಗ್ಗೆ ಮನಸ್ಸಿನಲ್ಲೇ ಮಾರ್ಕೆಟ್ ಸುತ್ತಿ ಬಂದರೆ ಪಟ್ಟಿ ಸಿಕ್ಕಿತು. ನಿಮ್ಮದು ಊರಿನ ತೇರಿನ ಬೀದಿಯಾಗಲಿ, ಗದ್ದೆಯ ಬದುವಾಗಲಿ, ನಡೆದು ನಡೆದು ಸವೆದ ದಾರಿಯಾದರೆ ಸಾಕು.

ದಿನದ ಹೆಸರು ಸೇರಿಸಿ ಗಟ್ಟಿಯಾಗಿ ಹೇಳುವುದು. ಗ್ಯಾಸ್ ಆರಿಸಿದೆನಾ, ಬೀಗ ಹಾಕಿದೆನಾ ಅಂತ ದಾರಿಯಲ್ಲಿ ಒದ್ದಾಡುವುದು ಕೈ ಕೆಲಸ ಮಾಡುವಾಗ ಮನಸ್ಸು ಎಲ್ಲೋ ಇದ್ದುದರಿಂದ. ನಿನ್ನೆಯದೂ ಇವತ್ತಿನದೂ ಕಲಸಿಹೋಗುತ್ತವೆ. "ಮಂಗಳವಾರ, ಗ್ಯಾಸ್ ಆಫ್" ಅಂತ ಬಾಯಿಬಿಟ್ಟು ಹೇಳಿ. ಮೊಮ್ಮಗಳು ನಗುತ್ತಾಳೆ, ನಗಲಿ.

ಬರೆಯುವುದು. ಬರೆದಿಟ್ಟರೆ ನೆನಪು ಸೋಮಾರಿಯಾಗುತ್ತದೆ ಅನ್ನುವವರ ಮಾತು ಕೇಳಬೇಡಿ. ಮುನ್ನೂರು ನಂಬರ್ ಬಾಯಲ್ಲಿದ್ದ ಕಾಲದಲ್ಲೂ ಪ್ರತಿ ಟ್ರಂಕ್ ಕಾಲಿಗೂ ನಾವು ಚೀಟಿ ಬರೆಯುತ್ತಿದ್ದೆವು. ಫ್ರಿಜ್ಜಿನ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ಕು, ಒಂದು ಪೆನ್ನು. ಬೀಗದ ಕೈ, ಕನ್ನಡಕ, ಪರ್ಸಿಗೆ ಒಂದೇ ಜಾಗ. ಮಾತ್ರೆಗೆ ವಾರದ ಏಳು ಖಾನೆಯ ಡಬ್ಬಿ. ಇವಕ್ಕೆ ತಲೆ ಖರ್ಚು ಮಾಡುವುದು ದಂಡ.

ಪದಬಂಧ, ಸುಡೊಕು ಬಗ್ಗೆ ನನ್ನ ಅಭಿಪ್ರಾಯ: ಪದಬಂಧ ಬಿಡಿಸಿ ಬಿಡಿಸಿ ಜನ ಪದಬಂಧದಲ್ಲಿ ಹುಷಾರಾಗುತ್ತಾರೆ. ಖುಷಿಗೆ ಮಾಡಿ. ಗೊತ್ತಿರುವ ಸ್ತೋತ್ರವನ್ನೇ ಹೇಳುವುದೂ ಅಷ್ಟೆ, ಮನಸ್ಸಿಗೆ ಹಿತ, ಮೆದುಳಿಗೆ ಅಂಥ ಕೆಲಸವಿಲ್ಲ. ಹೊಸದೊಂದು, ತಪ್ಪಾಗುವಂಥದ್ದು, ಇನ್ನೊಬ್ಬರ ಜೊತೆ ಮಾಡುವಂಥದ್ದು ಬೇಕು. ತಿಂಗಳ ಎರಡನೇ ಶನಿವಾರ ಹಳೆಯ ಆಪರೇಟರುಗಳು ಐದು ಜನ ಸೇರಿ ಚೌಕಾಬಾರ ಆಡುತ್ತೇವೆ. ಕವಡೆ ಲೆಕ್ಕ, ಯಾರ ಕಾಯಿ ಎಲ್ಲಿ, ಯಾರನ್ನು ಹೊಡೆಯಬೇಕು, ನಡುವೆ ಯಾರ ಮಗಳ ಮದುವೆ ಮುರಿಯಿತು, ಎಲ್ಲ ಒಟ್ಟಿಗೆ ನಡೆಯುತ್ತದೆ. ಹೋಟೆಲಿನಲ್ಲಿ ಸೇರುವುದಾದರೆ ಕಿವಿ ಮಂದ ಇರುವವರಿಗೆ ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗ ಬಿಡಿ, ಹಿಂದಿನ ಸದ್ದು ಕಡಿಮೆಯಾಗುತ್ತದೆ.

ಯಾವಾಗ ತಡಮಾಡಬಾರದು

ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರ ಪಾಡು. ಬೀಗದ ಕೈ ಹಿಡಿದು ಇದೇನಕ್ಕೆ ಅಂತ ನೋಡುವುದು ಬೇರೆ. ಹೆಸರು ನಾಲಿಗೆ ತುದಿಗೆ ಬಂದು ನಿಂತು ಸಂಜೆಗೆ ಹೊಳೆಯುವುದು ವಯಸ್ಸು. ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ, ಇಪ್ಪತ್ತು ವರ್ಷ ಓಡಾಡಿದ ಕ್ರಾಸಿನಲ್ಲಿ ದಾರಿ ತಪ್ಪುವುದು, ಕೈಯಾರೆ ಸಾವಿರ ಸಲ ಮಾಡಿದ ಹುಳಿಯ ಕ್ರಮ ತಪ್ಪುವುದು, ಪಿಂಚಣಿ ಲೆಕ್ಕ ಬಗೆಹರಿಯದೇ ಹೋಗುವುದು, ಮೆತ್ತಗಿದ್ದವರು ಅನುಮಾನದ ಪಿಶಾಚಿಯಾಗುವುದು, ಇವು ನರರೋಗ ತಜ್ಞರಿಗೋ ಮನೋವೈದ್ಯರಿಗೋ ತೋರಿಸಬೇಕಾದವು. ತಮಗೆ ಮರೆವು ಬಂದಿದೆ ಅಂತ ತಾವೇ ಗೋಳಾಡುವವರಿಗಿಂತ, ಮನೆಯವರು ಹೇಳಿದರೂ ಒಪ್ಪದವರನ್ನು ಬೇಗ ಕರೆದೊಯ್ಯಿರಿ.

ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ತಲೆ ಕೆಟ್ಟ ಹಾಗೆ ಆಡಿದರೆ ಅದು ಮರೆವಲ್ಲ, ತುರ್ತು. ಮೂತ್ರದ ಸೋಂಕು, ಸೋಡಿಯಂ ಇಳಿದದ್ದು, ಸಕ್ಕರೆ ಇಳಿದದ್ದು ಯಾವುದೂ ಆಗಿರಬಹುದು. ಬಾಯಿ ಸೊಟ್ಟಗಾಯಿತು, ಒಂದು ಕೈ ಸೋತಿತು, ಮಾತು ತೊದಲಿತು ಅಂದರೆ ಪಾರ್ಶ್ವವಾಯು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯಷ್ಟೇ ಗಡುವು. ಬಾಯಿಗೆ ನೀರು, ಕಾಫಿ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಲಕ್ಷಣ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಹೊಸದೊಂದು ಕಲಿಯಬೇಕು ಅಂದೆನಲ್ಲ, ನನ್ನದು ಮಲಯಾಳ. ಪಕ್ಕದ ಮನೆಗೆ ವಯನಾಡಿನ ಟೀಚರ್ ಬಂದಿದ್ದಾರೆ, ನನಗಿಂತ ಎರಡು ವರ್ಷ ದೊಡ್ಡವರು. ಸಂಜೆ ಐದಕ್ಕೆ ಅವರ ವರಾಂಡದಲ್ಲಿ ಅರ್ಧ ಗಂಟೆ ಅವರು ಮಲಯಾಳ ಹೇಳಿಕೊಡುವುದು, ಅರ್ಧ ಗಂಟೆ ನಾನು ಕನ್ನಡ. ಹಳಗನ್ನಡದಲ್ಲಿದ್ದು ನಾವು ಕೈಬಿಟ್ಟ ೞ ಅವರಲ್ಲಿ ಇನ್ನೂ ಜೀವಂತ ಇದೆ. ಹಣ್ಣಿಗೆ ಅವರು ಪೞಂ ಅನ್ನುತ್ತಾರೆ, ನಾನು ಪಳಂ ಅನ್ನುತ್ತೇನೆ. "ಅಲ್ಲ ಚೇಚಿ, ಪೞಂ" ಅನ್ನುತ್ತಾರೆ. ದೊಡ್ಡವರಾಗಿದ್ದೂ ನನ್ನನ್ನು ಅಕ್ಕ ಅಂತ ಕರೆಯುವುದು ಯಾಕೆ ಅಂತ ಇನ್ನೂ ಕೇಳಿಲ್ಲ. ಮೂರು ತಿಂಗಳಾಯಿತು, ನಾಲಿಗೆ ಹೊರಳುತ್ತಿಲ್ಲ. ಆದರೆ ಅವರು ಹೇಳುವುದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಇದೆ ಅನ್ನುವುದು ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿದೆ.